ಚಿಪ್ಪೆವಾ ಕಾಡಿನಲ್ಲಿ ಎರಡು ರಾತ್ರಿ: ಮೊದಲ ಸಲ ಹೋಗುವವರಿಗೆ

ನನ್ನ ಕಾರಿನ ಡಿಕ್ಕಿಯಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ ಕೂತಿರುತ್ತದೆ. ಒಳಗೆ ಐವತ್ತು ಅಡಿ ಹಗ್ಗ, ಒಂದು ಪುಟ್ಟ ಕೈಸಲಿಕೆ, ಚೂಪು ಮೂತಿಯ ಚಿಮಟ, ಎರಡು ಹೆಡ್‌ಲ್ಯಾಂಪ್, ನೀರಿನ ಫಿಲ್ಟರ್, ಮೂರು ಲೈಟರ್, ಜೊತೆ ಕಳೆದುಕೊಂಡ ಒಂದು ಹಳೇ ಕಾಲುಚೀಲ. ಒಂದೊಂದೂ ಒಂದೊಂದು ಸಲ ಪೇಚಿಗೆ ಸಿಕ್ಕಿದ ಮೇಲೆ ಡಬ್ಬ ಸೇರಿದ್ದು. ಕಾಲುಚೀಲದ ಕತೆ ಆಮೇಲೆ ಹೇಳುತ್ತೇನೆ.

ನಾನು ಸೇಂಟ್ ಪಾಲ್‌ನಲ್ಲಿ ಲೆಕ್ಕಪತ್ರ ನೋಡುವವಳು. ಜನವರಿಯಿಂದ ಏಪ್ರಿಲ್ 15ರ ತನಕ ತೆರಿಗೆ ಕಾಲ, ತಲೆ ಎತ್ತೋಕೆ ಆಗಲ್ಲ. ಅದು ಮುಗಿದ ಮೇಲೆ ಯಾರೂ ನನ್ನನ್ನು ಏನೂ ಕೇಳದ ಜಾಗ ಒಂದು ಬೇಕಿತ್ತು. ಹಾಗೆ ಸಿಕ್ಕಿದ್ದು ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರದಲ್ಲಿರುವ ಚಿಪ್ಪೆವಾ ನ್ಯಾಷನಲ್ ಫಾರೆಸ್ಟ್. ಒಂಬತ್ತು ವರ್ಷದಿಂದ ಹೋಗಿ ಬರುತ್ತಿದ್ದೇನೆ. ಈಚೆಗೆ ಈ ಕಡೆ ಬಂದ ನಮ್ಮವರು ಸಿಕ್ಕಾಗಲೆಲ್ಲ ಕೇಳುತ್ತಾರೆ, "ಅಕ್ಕಾ, ಟೆಂಟ್ ಹಾಕೋಕೆ ಎಲ್ಲಿಗೆ ಹೋಗ್ಬೇಕು, ಏನೇನು ತಗೊಂಡು ಹೋಗ್ಬೇಕು?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಗಂಟಲು ನೋವು ಬಂದಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬೆಟ್ಟ ಇಲ್ಲ. ಹೆಸರುವಾಸಿ ಜಲಪಾತ ಇಲ್ಲ. ಫೋಟೋ ತೆಗೆಯಲು ಕ್ಯೂ ನಿಲ್ಲುವ ಜಾಗವೂ ಇಲ್ಲ. ಸಾವಿರದ ಮುನ್ನೂರರಷ್ಟು ಕೆರೆಗಳಿವೆ, ಪೈನ್ ಮರಗಳಿವೆ, ಜೌಗು ಇದೆ, ಹಕ್ಕಿ ಇವೆ. ಮಕ್ಕಳನ್ನು ಕರೆದುಕೊಂಡು ಒಂದೇ ದಿನದಲ್ಲಿ ಐದು ಜಾಗ ನೋಡಿಬಿಡೋಣ ಅನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ, ಬೇಜಾರಾಗುತ್ತದೆ. ಇಲ್ಲಿ ಸಿಗುವುದು ನಿಶ್ಶಬ್ದ. ಅದರ ಇನ್ನೊಂದು ಮುಖ ಏನೆಂದರೆ, ಏನಾದರೂ ಮರೆತರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ತುಂಬ ಕಡೆ ಫೋನಿಗೆ ಸಿಗ್ನಲ್ ಕೂಡ ಬರಲ್ಲ. ಮೊದಲ ಸಲ ನಾನು ಅಲ್ಲಿ ಎರಡು ದಿನ ಕಳೆದದ್ದು ಬರೀ ಗಾಬರಿಯಲ್ಲಿ. ಕತ್ತಲಾದ ಮೇಲೆ ಟಾರ್ಚಿನ ಬ್ಯಾಟರಿ ಹೋಯಿತು, ಕುಡಿಯುವ ನೀರು ಮುಗಿಯಿತು, ಎಲೆ ಅಲುಗಿದರೂ ಕರಡಿ ಅನ್ನಿಸಿತು. ಕಾಡು ಪೂರ್ತಿ ಸುಮ್ಮನಿತ್ತು. ಸುಮ್ಮನಿರಲು ಆಗದವಳು ನಾನೊಬ್ಬಳೇ.

ಇದು ನ್ಯಾಷನಲ್ ಪಾರ್ಕ್ ಅಲ್ಲ, ನ್ಯಾಷನಲ್ ಫಾರೆಸ್ಟ್. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಪಾರ್ಕಿಗೆ ಸಾಮಾನ್ಯವಾಗಿ ಗೇಟು, ಟಿಕೆಟ್ಟು, ಒಳಗೆ ಗೊತ್ತುಮಾಡಿದ ಜಾಗದಲ್ಲೇ ಮಲಗಬೇಕು. ಫಾರೆಸ್ಟಿನಲ್ಲಿ ಮರ ಕಡಿಯುವುದೂ ಇದೆ, ಬೇಟೆಯೂ ಇದೆ, ಮೀನು ಹಿಡಿಯುವುದೂ ಇದೆ. ಗೇಟು ಇಲ್ಲ. ನೀರು, ಶೌಚಾಲಯ ಇರುವ ಕ್ಯಾಂಪ್‌ಗ್ರೌಂಡ್‌ಗಳಿಗೆ ದುಡ್ಡು ಕೊಡಬೇಕು. ಆದರೆ ಕಾಡಿನೊಳಗೆ ನಿಮ್ಮಷ್ಟಕ್ಕೆ ಟೆಂಟ್ ಹಾಕಿಕೊಂಡರೆ ಒಂದು ಪೈಸೆಯೂ ಬೇಡ, ಒಂದೇ ಜಾಗದಲ್ಲಿ 14 ದಿನದ ತನಕ ಇರಬಹುದು. ಹಾಗಂತ ನಕ್ಷೆಯಲ್ಲಿ ಹಸಿರಾಗಿ ಕಂಡದ್ದೆಲ್ಲ ಸರ್ಕಾರದ್ದೇ ಅಂತ ಇಲ್ಲ. ಗಡಿಯೊಳಗಿನ ಒಟ್ಟು ಜಾಗ ಸುಮಾರು 16 ಲಕ್ಷ ಎಕರೆ, ಅದರಲ್ಲಿ ಅರಣ್ಯ ಸೇವೆಯ (ಕಾಡು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಕೈಯಲ್ಲಿರುವುದು ಹತ್ತಿರ ಹತ್ತಿರ 6,66,000 ಎಕರೆ. ಉಳಿದದ್ದು ಖಾಸಗಿಯವರದ್ದು, ರಾಜ್ಯದ್ದು, ಕೌಂಟಿಯದ್ದು, ಮತ್ತೆ ಇಲ್ಲಿಯ ಮೂಲನಿವಾಸಿಗಳಾದ ಲೀಚ್ ಲೇಕ್ ಓಜಿಬ್ವೆ ಜನರದ್ದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೀಚ್ ಲೇಕ್ ಜನರ ಮೀಸಲು ನೆಲದ ಬಹುಪಾಲು ಈ ಕಾಡಿನ ಗಡಿಯೊಳಗೇ ಇದೆ. 1908ರಲ್ಲಿ ಇದು ಮಿನೆಸೋಟಾ ನ್ಯಾಷನಲ್ ಫಾರೆಸ್ಟ್ ಆಯಿತು, 1928ರಲ್ಲಿ ಚಿಪ್ಪೆವಾ ಅಂತ ಹೆಸರು ಬದಲಾಯಿತು. ಚಿಪ್ಪೆವಾ ಅಂದರೆ ಓಜಿಬ್ವೆ ಜನರಿಗೇ ಇನ್ನೊಂದು ಹೆಸರು. ಹೆಸರು ಅವರದ್ದು, ನೆಲ ಮಾತ್ರ ಅವರ ಕೈತಪ್ಪಿತ್ತು. 11,760 ಎಕರೆಯನ್ನು ಅವರಿಗೆ ವಾಪಸ್ ಕೊಡುವ ಕಾನೂನು ಬಂದದ್ದು 2020ರಲ್ಲಿ. ಹಾಗಾಗಿ "ಖಾಸಗಿ" ಅಥವಾ "ಬುಡಕಟ್ಟಿನ ಭೂಮಿ" ಅಂತ ಬೋರ್ಡ್ ಕಂಡರೆ ವಾದ ಮಾಡದೆ ಹಿಂದೆ ತಿರುಗಿ. ಬೇರೆಯವರ ಹಿತ್ತಲಿಗೆ ಹೋದ ಹಾಗೆ ನಡೆದುಕೊಂಡರೆ ತಪ್ಪಾಗುವುದಿಲ್ಲ.

ಯಾವಾಗ ಹೋಗುವುದು? ಜೂನ್ ಬೇಡ. ಜೂನ್ ಕೊನೆಗೆ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ, ಹತ್ತರ ಹತ್ತಿರವೂ ಆಕಾಶದಲ್ಲಿ ಬೆಳಕು ಇರುತ್ತದೆ, ಚೆಂದ ನಿಜ. ಆದರೆ ಆ ಬೆಳಕಿನಲ್ಲಿ ನಿಮಗೆ ಕಾಣುವುದು ಸೊಳ್ಳೆ. ತಟ್ಟೆಗೆ ಅನ್ನ ಹಾಕಿಕೊಂಡರೆ ಅನ್ನದ ಮೇಲೆ ಸೊಳ್ಳೆ. ನನ್ನ ಆಯ್ಕೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆ. ಸೊಳ್ಳೆ ತಗ್ಗಿರುತ್ತದೆ, ಕೆರೆ ಇನ್ನೂ ಬೆಚ್ಚಗಿರುತ್ತದೆ, ಸೆಪ್ಟೆಂಬರ್ ಕೊನೆಗೆ ಆಸ್ಪೆನ್ ಮತ್ತು ಬರ್ಚ್ ಮರಗಳು ಅರಿಸಿನ ಬಳಿದ ಹಾಗೆ ಹಳದಿ ತಿರುಗುತ್ತವೆ. ರಾತ್ರಿ ಮಾತ್ರ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು, ಸ್ಲೀಪಿಂಗ್ ಬ್ಯಾಗ್ ಅದಕ್ಕೆ ತಕ್ಕದ್ದಿರಲಿ. ಕೆಳಗೆ ಹಾಸುವ ಮ್ಯಾಟ್ ಇಲ್ಲದಿದ್ದರೆ ಎಂಥ ದಪ್ಪ ಬ್ಯಾಗೂ ಪ್ರಯೋಜನವಿಲ್ಲ, ಚಳಿ ಬರುವುದು ನೆಲದಿಂದ. ನವೆಂಬರ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಶುರು. ಆಗ ನಡೆದಾಡಲು ಹೋದರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಹಾಕಿಕೊಂಡೇ ಹೋಗಬೇಕು.

ಟ್ವಿನ್ ಸಿಟೀಸ್‌ನಿಂದ (ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರ) ಹೆದ್ದಾರಿ 169 ಹಿಡಿದರೆ ಕಾಡಿನ ಹತ್ತಿರದ ಊರು ಗ್ರ್ಯಾಂಡ್ ರಾಪಿಡ್ಸ್‌ಗೆ ಮೂರು, ಮೂರೂವರೆ ಗಂಟೆ. ಪೆಟ್ರೋಲ್ ಅಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದಕ್ಕೆ ಫೋನಿನ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡನೇ ವರ್ಷ ನನ್ನ ಫೋನು "ಬಲಕ್ಕೆ ತಿರುಗಿ" ಅಂದದ್ದೇ ತಡ, ನಾನು ತಿರುಗಿದೆ. ಅದು ಚಳಿಗಾಲದಲ್ಲಿ ನೆಲ ಕಲ್ಲಾದಾಗ ಮರದ ದಿಮ್ಮಿ ಸಾಗಿಸಲು ಮಾಡಿಕೊಂಡ ದಾರಿ. ಮೇ ತಿಂಗಳಲ್ಲಿ ಅದರ ಮೇಲೆ ಹುಲ್ಲು, ಹುಲ್ಲಿನ ಕೆಳಗೆ ಕೆಸರು. ನಮ್ಮ ಪುಟ್ಟ ಕಾರಿನ ಮುಂದಿನ ಎರಡು ಚಕ್ರ ಹೂತವು. ಚಕ್ರದಡಿಗೆ ಕೊಂಬೆ, ಕಾರಿನ ಕಾಲುಹಾಸು ಎಲ್ಲ ಕೊಟ್ಟು, ಯಜಮಾನರು ತಳ್ಳಿ, ನಾನು ಹಿಂದಕ್ಕೆ ತೆಗೆದು, ಆಚೆ ಬರಲು ಎರಡು ಗಂಟೆ. ಅವರು ಮೊಣಕಾಲ ತನಕ ಕೆಸರಾಗಿ ನಿಂತು, "ಲೆಕ್ಕದಲ್ಲಿ ಇಷ್ಟು ಹುಷಾರಿರೋಳು ದಾರಿ ವಿಷಯದಲ್ಲಿ ಯಾಕೆ ಹೀಗೆ?" ಅಂದರು. ಉತ್ತರ ಇರಲಿಲ್ಲ.

ಆಮೇಲೆ ಗೊತ್ತಾಯಿತು, ಅರಣ್ಯ ಸೇವೆಯವರೇ ಮೋಟಾರು ವಾಹನದ ನಕ್ಷೆ ಅಂತ ಬಿಟ್ಟಿಯಾಗಿ ಕೊಡುತ್ತಾರೆ. ಯಾವ ದಾರಿಯಲ್ಲಿ ಯಾವ ಗಾಡಿ ಹೋಗಬಹುದು, ಯಾವ ತಿಂಗಳಲ್ಲಿ ಹೋಗಬಹುದು ಎಲ್ಲ ಅದರಲ್ಲಿದೆ. ಅದರಲ್ಲಿ ಇಲ್ಲದ ದಾರಿಗೆ ಕಾರು ಇಳಿಸಬೇಡಿ. ಕಾಗದದ ಪ್ರತಿ ಒಂದು, ಫೋನಿಗೆ ಇಳಿಸಿಕೊಂಡದ್ದು ಒಂದು, ಎರಡೂ ಇರಲಿ. ಯಾವ ಕೆರೆಯ ಹತ್ತಿರ ಇರುತ್ತೀರಿ, ಯಾವ ದಿನ ಎಷ್ಟು ಗಂಟೆಗೆ ವಾಪಸ್ ಅಂತ ಊರಿನಲ್ಲಿ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಈಗ ಜಾಗ ಆರಿಸುವುದು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಇದಕ್ಕೇ ಕೊಡಿ. ಕತ್ತಲಾಗಲು ಮೂರು ಗಂಟೆ ಇರುವಾಗಲೇ ತಲುಪಿರಬೇಕು. ಕಾರು ನಿಲ್ಲಿಸಿದ ಕೂಡಲೇ ಟೆಂಟ್ ತೆಗೆಯಬೇಡಿ. ಬರಿಗೈಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮೊದಲು ಮೇಲೆ ನೋಡಿ. ಒಣಗಿ ನಿಂತ ಮರ, ಮುರಿದು ಇನ್ನೊಂದು ಮರದ ಮೇಲೆ ಒರಗಿದ ಕೊಂಬೆ, ಇವು ಬೀಳುವ ದೂರದಲ್ಲಿ ಮಲಗಬಾರದು. ಕರಡಿಗಿಂತ ನನಗೆ ಇವುಗಳದ್ದೇ ಭಯ. ಆಮೇಲೆ ಕೆಳಗೆ ನೋಡಿ. ತಗ್ಗು ಜಾಗ ಮೆತ್ತಗೆ ಹಾಸಿಗೆಯ ಹಾಗೆ ಕಾಣುತ್ತದೆ, ಮಳೆ ಬಂದರೆ ಅದೇ ತೊಟ್ಟಿ. ಕಾಲಿನಡಿ ಪಾಚಿ ಸ್ಪಂಜಿನ ಹಾಗೆ ಒತ್ತಿದರೆ ಅದು ಜೌಗಿನ ಅಂಚು, ಬಿಡಿ. ಪೈನ್ ಮರದ ಕೆಳಗೆ ಸೂಜಿ ಎಲೆ ಉದುರಿ ಒಣಗಿದ, ಸ್ವಲ್ಪ ಎತ್ತರದ, ಗಾಳಿ ಆಡುವ ಜಾಗ ಹುಡುಕಿ. ಗಾಳಿ ಆಡಿದರೆ ಸೊಳ್ಳೆ ನಿಲ್ಲುವುದಿಲ್ಲ. ಯಾರೋ ಹಿಂದೆ ಟೆಂಟ್ ಹಾಕಿದ ಗುರುತು, ಕಲ್ಲಿನ ಒಲೆ ಇದ್ದರೆ ಅದನ್ನೇ ಬಳಸಿ, ಹೊಸದು ಮಾಡಬೇಡಿ.

ಕೆರೆಯಿಂದ 200 ಅಡಿ ದೂರ ಇರಬೇಕು ಅನ್ನುವುದು ಒಳ್ಳೆಯ ಪದ್ಧತಿ. ಉದ್ದ ಕಾಲಿನವರಿಗೆ ಅದು ಎಪ್ಪತ್ತು ಹೆಜ್ಜೆ, ನನ್ನಂಥ ಕುಳ್ಳಿಗೆ ಎಂಬತ್ತು. ನೀರಿನ ಅಂಚಿಗೇ ಟೆಂಟ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಲ್ಲಿ ಇಬ್ಬನಿ ಜಾಸ್ತಿ, ಚಳಿ ಜಾಸ್ತಿ, ನೀರು ಕುಡಿಯಲು ಬರುವ ಪ್ರಾಣಿಗಳಿಗೂ ಅಡ್ಡ. ಎಂಬತ್ತು ಹೆಜ್ಜೆ ನಡೆದು ಹೋಗಿ ಕೂತು ಬಂದರೆ ಆಯಿತು, ಅಲ್ವಾ?

ಜಾಗ ಸಿಕ್ಕಿದ ಮೇಲೆ ಟೆಂಟ್‌ಗೂ ಮೊದಲು ಇನ್ನೊಂದು ಕೆಲಸವಿದೆ. ಬೆಳಕಿರುವಾಗಲೇ ಊಟದ ಚೀಲ ಎಲ್ಲಿ ನೇತುಹಾಕುವುದು ಅಂತ ನೋಡಿಟ್ಟುಕೊಳ್ಳಬೇಕು. ಇಲ್ಲಿರುವುದು ಕಪ್ಪು ಕರಡಿ ಮಾತ್ರ. ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ತಾನೇ ಹೋಗುತ್ತದೆ. ಒಂಬತ್ತು ವರ್ಷದಲ್ಲಿ ನಾನು ನೋಡಿರುವುದು ಎರಡು, ಎರಡೂ ರಸ್ತೆ ದಾಟುತ್ತಿದ್ದವು. ಆದರೆ ಅದರ ಮೂಗು ಬಲು ಚುರುಕು, ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದರೆ ಮತ್ತೆ ಮತ್ತೆ ಬರುತ್ತದೆ. ಹಾಗೆ ಅಭ್ಯಾಸವಾದ ಕರಡಿ ಕೊನೆಗೆ ಗುಂಡಿಗೆ ಬಲಿಯಾಗುವುದೂ ಉಂಟು.

ಕಾರು ಪಕ್ಕದಲ್ಲೇ ಇದ್ದರೆ ಸುಲಭ. ಊಟ, ಪಾತ್ರೆ, ಕಸ, ಹಲ್ಲುಜ್ಜುವ ಪೇಸ್ಟ್, ಸೋಪು, ವಾಸನೆ ಇರುವ ಪ್ರತಿಯೊಂದನ್ನೂ ಡಿಕ್ಕಿಗೆ ಹಾಕಿ, ಗಾಜು ಏರಿಸಿ, ಬೀಗ ಹಾಕಿ. ಕಾರಿನಿಂದ ದೂರ ನಡೆದು ಹೋಗಿದ್ದರೆ ಹಗ್ಗ ಬೇಕು. ಚೀಲ ನೆಲದಿಂದ ಹತ್ತು ಹನ್ನೆರಡು ಅಡಿ ಮೇಲೆ, ಬೊಡ್ಡೆಯಿಂದ ಆರು ಅಡಿ ಈಚೆಗೆ ತೂಗಬೇಕು, ಯಾಕೆಂದರೆ ಕಪ್ಪು ಕರಡಿ ಮರ ಹತ್ತುತ್ತದೆ. ಟೆಂಟಿನಿಂದ ದೂರವೂ ಇರಬೇಕು. ಹೇಳುವುದು ಸುಲಭ. ಹಗ್ಗ ಅಷ್ಟು ಎತ್ತರದ ಕೊಂಬೆಯ ಮೇಲೆ ದಾಟಿಸುವುದು ಹೇಗೆ? ಹಗ್ಗದ ತುದಿಗೆ ಕಲ್ಲು ಕಟ್ಟಿ ಎಸೆದರೆ ಗಂಟು ಜಾರಿ ಕಲ್ಲು ಮಾತ್ರ ಹೋಗುತ್ತದೆ, ಕೆಲವು ಸಲ ವಾಪಸ್ ನಮ್ಮ ಮೇಲೇ ಬರುತ್ತದೆ. ಇಲ್ಲಿ ಬಂತು ನೋಡಿ ಕಾಲುಚೀಲ. ಮುಷ್ಟಿ ಗಾತ್ರದ ಕಲ್ಲನ್ನು ಕಾಲುಚೀಲಕ್ಕೆ ಹಾಕಿ, ಬಾಯಿ ಗಂಟು ಹಾಕಿ, ಗಂಟಿನ ಕೆಳಗೆ ಹಗ್ಗ ಕಟ್ಟಿ. ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಎಸೆಯಿರಿ. ಹಗ್ಗದ ಇನ್ನೊಂದು ತುದಿ ಕಾಲಿನಡಿ ತುಳಿದುಕೊಂಡಿರಿ, ಇಲ್ಲದಿದ್ದರೆ ಪೂರ್ತಿ ಹಗ್ಗವೇ ಮೇಲೆ ಹೋಗಿ ಕೂರುತ್ತದೆ. ಜೊತೆಯವರು ಎದುರಿಗೆ ನಿಲ್ಲಬಾರದು. ಈ ಕಾಲುಚೀಲದ ಜೋಡಿ ಎಲ್ಲಿ ಅಂತ ಕೇಳಿದಿರಾ? ಮುಂದೆ ಹೇಳಲಿರುವ ಸುವೋಮಿ ಹಿಲ್ಸ್‌ನಲ್ಲಿ ಒಂದು ಪೈನ್ ಮರದ ಕವಲಿನಲ್ಲಿ, ಕಲ್ಲಿನ ಸಮೇತ ಇದೆ.

ಕರಡಿ ಎದುರಾದರೆ ಓಡಬೇಡಿ. ನಿಂತು, ಜೋರಾಗಿ ಮಾತಾಡಿ, ಪಾತ್ರೆ ಬಡಿಯಿರಿ, ಅದಕ್ಕೆ ಹೋಗಲು ದಾರಿ ಬಿಟ್ಟು ನಿಧಾನ ಹಿಂದಕ್ಕೆ ಸರಿಯಿರಿ. ನನ್ನ ಊಟ ನಿಜಕ್ಕೂ ಕದ್ದದ್ದು ಕೆಂಪು ಅಳಿಲು. ಅಮ್ಮ ಊರಿಂದ ತಂದಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಹಗಲು ಹೊತ್ತಿನಲ್ಲೇ ಹರಿದು, ಒಂದು ಬಾಯಿ ತಿಂದು, ಸೀನುತ್ತಾ ಮರ ಹತ್ತಿತು. ಆಮೇಲೆ ಅರ್ಧ ಗಂಟೆ ಕೊಂಬೆಯ ಮೇಲೆ ಕೂತು ನಮ್ಮನ್ನು ಬೈಯಿತು.

ಊಟದ ವಿಷಯಕ್ಕೆ ಬಂದರೆ, ಹೆಚ್ಚು ಪಾತ್ರೆ ತೊಳೆಯುವ ಅಡುಗೆ ಬೇಡ. ಅವಲಕ್ಕಿ, ಒಗ್ಗರಣೆ ಹಾಕಿ ಹುರಿದಿಟ್ಟುಕೊಂಡ ರವೆ, ಬಿಸಿನೀರು. ಅಷ್ಟು ಸಾಕು.

ನೀರು ಕೆರೆಯದ್ದೇ. ಕೆಲವು ಕೆರೆಗಳ ನೀರು ತಿಳಿ ಚಹಾದ ಬಣ್ಣಕ್ಕಿರುತ್ತದೆ, ಜೌಗಿನ ಎಲೆ, ಪಾಚಿಯ ಒಗರು ಇಳಿದು ಹಾಗಾಗಿರುತ್ತದೆ. ಆ ಬಣ್ಣದಿಂದ ತೊಂದರೆ ಇಲ್ಲ. ತೊಂದರೆ ಇರುವುದು ಕಣ್ಣಿಗೆ ಕಾಣದ ಜಿಯಾರ್ಡಿಯಾದಂಥ, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳಿಂದ. ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಇಲ್ಲವೇ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಫಿಲ್ಟರನ್ನು ಚಳಿಯ ರಾತ್ರಿ ಹೊರಗೆ ಬಿಡಬೇಡಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ಹಾಳು. ನಾನು ಬಟ್ಟೆಯಲ್ಲಿ ಸುತ್ತಿ ಹೊದಿಕೆಯೊಳಗೇ ಇಟ್ಟುಕೊಳ್ಳುತ್ತೇನೆ.

ಬೆಂಕಿ ಹಾಕುವ ಮುಂಚೆ ಆ ದಿನ ಅಲ್ಲಿ ಬೆಂಕಿಗೆ ತಡೆ ಇದೆಯಾ ಅಂತ ನೋಡಿಕೊಳ್ಳಿ, ಒಣ ಬೇಸಿಗೆಯಲ್ಲಿ ಪೂರ್ತಿ ನಿಲ್ಲಿಸಿರುತ್ತಾರೆ. ಮಿನೆಸೋಟಾದ ಲೆಕ್ಕದಲ್ಲಿ ಕ್ಯಾಂಪಿನ ಬೆಂಕಿ ಅಂದರೆ ಮೂರಡಿ ಅಗಲ, ಮೂರಡಿ ಎತ್ತರ, ಅದಕ್ಕಿಂತ ದೊಡ್ಡದು ಇರಬಾರದು. ಸುತ್ತ ಐದಡಿ ಒಣ ಎಲೆ ಗುಡಿಸಿರಬೇಕು. ಕಟ್ಟಿಗೆ ಊರಿಂದ ಒಯ್ಯಬೇಡಿ. ಆಶ್ ಮರವನ್ನು ಒಳಗಿಂದ ತಿಂದು ಸಾಯಿಸುವ ಹಸಿರು ಜೀರುಂಡೆ ಕಟ್ಟಿಗೆಯ ಜೊತೆಗೇ ಊರೂರು ಸುತ್ತುತ್ತದೆ. ಅಲ್ಲೇ ನೆಲಕ್ಕೆ ಬಿದ್ದು ಒಣಗಿದ್ದನ್ನು ಆರಿಸಿಕೊಳ್ಳಿ. ಬೆಂಕಿ ನಂದಿಸುವಾಗ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಕೊನೆಗೆ ಕೈಯ ಹಿಂಭಾಗ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ.

ಕೈಸಲಿಕೆ ಯಾಕೆ ಅಂತ ಊಹಿಸಿರುತ್ತೀರಿ. ನೀರು, ದಾರಿ, ಟೆಂಟ್ ಮೂರರಿಂದಲೂ 200 ಅಡಿ ದೂರ, ಆರರಿಂದ ಎಂಟು ಇಂಚು ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚಿ. ಕಾಗದ ಚೀಲಕ್ಕೆ ಹಾಕಿ ವಾಪಸ್ ತನ್ನಿ. ಮಕ್ಕಳಿಗೆ ಇದು ತಮಾಷೆ, ದೊಡ್ಡವರಿಗೇ ನಾಚಿಕೆ.

ಈಗ ಚಿಮಟ. ಮಲೆನಾಡಿನವರಿಗೆ ಉಣುಗು ಅಂದರೆ ಏನು ಅಂತ ಹೇಳಬೇಕಾಗಿಲ್ಲ, ಮಂಗನ ಕಾಯಿಲೆಯ ಹೆಸರು ಕೇಳಿ ಬೆಳೆದವರು ನಾವು. ಇಲ್ಲಿಯ ಉಣುಗು ತರುವುದು ಲೈಮ್ ಕಾಯಿಲೆ. (ಉಣ್ಣೆ ಅಂತಲೂ ಅನ್ನುತ್ತೇವೆ. ಆದರೆ "ಉಣ್ಣೆ ಕಾಲುಚೀಲ ಹಾಕ್ಕೊಳ್ಳಿ" ಅಂತ ಹೇಳಿ ಒಬ್ಬರನ್ನು ಗಾಬರಿ ಮಾಡಿದ ಮೇಲೆ ಉಣುಗು ಅಂತಲೇ ಹೇಳುತ್ತೇನೆ.) ಕಪ್ಪು ಕಾಲಿನ ಈ ಉಣುಗಿನ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಅದರ ಕಾಟ ಮೇ ಕೊನೆಯಿಂದ ಜುಲೈ ತನಕ ಜಾಸ್ತಿ, ದೊಡ್ಡವು ಶರತ್ಕಾಲದಲ್ಲೂ ಇರುತ್ತವೆ. ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ನೋಡಲು ಜೋಕರ್ ಥರ ಇರುತ್ತೀರಿ, ಪರವಾಗಿಲ್ಲ, ನೋಡುವವರು ಯಾರಿದ್ದಾರೆ? ಬಟ್ಟೆಗೆ ಪರ್ಮೆತ್ರಿನ್ ಎಂಬ ಉಣುಗು ಕೊಲ್ಲುವ ಔಷಧಿ ಹಿಂದಿನ ದಿನವೇ ಸಿಂಪಡಿಸಿ ಒಣಗಿಸಿ, ಅದನ್ನು ಮೈಗೆ ಹಚ್ಚಬಾರದು. ಮೈಗೆ ಡೀಟ್ ಇರುವ ಔಷಧಿ.

ಪ್ರತಿ ಸಂಜೆ ಮೈ ತಡಕಿ ನೋಡಬೇಕು. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲ ಅಂಚು. ಸಿಕ್ಕಿದರೆ ಚಿಮಟದ ತುದಿಯಿಂದ ಚರ್ಮಕ್ಕೆ ತಾಗಿ ಹಿಡಿದು, ತಿರುಚದೆ, ಒಂದೇ ಸಮನೆ ನೇರವಾಗಿ ಎಳೆಯಿರಿ. ಬೆಂಕಿಕಡ್ಡಿ ಮುಟ್ಟಿಸುವುದು, ಎಣ್ಣೆ ಹಚ್ಚುವುದು ಮಾಡಬೇಡಿ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ಅಂಟುತ್ತದೆ, ಅದಕ್ಕೇ ದಿನಾ ನೋಡುವುದು. ಮುಂದಿನ ವಾರಗಳಲ್ಲಿ ಜ್ವರ ಬಂದರೆ, ಕಚ್ಚಿದ ಕಡೆ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ, ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿ.

ಇಷ್ಟೆಲ್ಲ ಆದ ಮೇಲೆ ಎರಡು ದಿನ ಮಾಡುವುದೇನು? ಒಂದು ದಿನ ನಡೆಯಿರಿ. ಗ್ರ್ಯಾಂಡ್ ರಾಪಿಡ್ಸ್‌ನಿಂದ ಎಫಿ ಎಂಬ ಊರಿಗೆ ಹೋಗುವ ಹೆದ್ದಾರಿ 38, ಗುಡ್ಡ ತಗ್ಗು ಹತ್ತಿಳಿಯುತ್ತಾ 47 ಮೈಲಿ ಸಾಗುತ್ತದೆ. ಅದರ ಪಕ್ಕದಲ್ಲೇ ಸುವೋಮಿ ಹಿಲ್ಸ್. ಸುವೋಮಿ ಅಂದರೆ ಫಿನ್‌ಲ್ಯಾಂಡ್‌ನವರ ಭಾಷೆಯಲ್ಲಿ ಅವರ ದೇಶದ ಹೆಸರು, ಆ ಕಡೆಯಿಂದ ಬಂದು ನೆಲೆಸಿದವರ ನೆನಪು. 21 ಮೈಲಿ ಕಾಲುದಾರಿ ಇದೆ, ಮೋಟಾರು ಗಾಡಿ ಒಳಗೆ ಬಿಡಲ್ಲ. ಪೂರ್ತಿ ನಡೆಯುವ ಹಟ ಬೇಡ. ಒಂದು ಕೆರೆ ಸಿಗುವ ತನಕ ನಡೆದು, ಕೂತು, ವಾಪಸ್ ಬನ್ನಿ.

ಇನ್ನೊಂದು ದಿನ ಲಾಸ್ಟ್ ಫಾರ್ಟಿ ಎಂಬ ಹಳೇ ಪೈನ್ ತೋಪು. ಕಾಡಿನ ಉತ್ತರದ ಅಂಚಿನಲ್ಲಿದೆ. 1882ರಲ್ಲಿ ಸರ್ವೆಗೆ ಬಂದವರು ಕಾಡಿಂಗ್ಟನ್ ಕೆರೆಯನ್ನು ನಕ್ಷೆಯಲ್ಲಿ ಇದ್ದದ್ದಕ್ಕಿಂತ ದೊಡ್ಡದಾಗಿ, ತಪ್ಪು ಜಾಗದಲ್ಲಿ ಬರೆದುಬಿಟ್ಟರು. ಮರ ಕಡಿಯುವ ಕಂಪನಿಗಳು ಸುತ್ತಮುತ್ತ ಎಲ್ಲ ಬೋಳಿಸಿದರೂ ಈ 144 ಎಕರೆಯನ್ನು ಬಿಟ್ಟರು, ಕಾಗದದಲ್ಲಿ ಅದು ನೀರಾಗಿತ್ತು. ದಿನವಿಡೀ ಬೇರೆಯವರ ಲೆಕ್ಕದ ತಪ್ಪು ಹುಡುಕುವ ನನಗೆ ಈ ಒಂದು ತಪ್ಪಿನ ಮೇಲೆ ತುಂಬ ಪ್ರೀತಿ. ಒಂದು ಮೈಲಿಯ ಸುತ್ತುದಾರಿ, ವಯಸ್ಸಾದವರೂ ನಡೆಯಬಹುದು. ಮುನ್ನೂರು ವರ್ಷ ದಾಟಿದ ಮರಗಳಿವೆ. ಯಾವ ಪೈನ್ ಯಾವುದು ಅಂತ ಗೊತ್ತಾಗಬೇಕಾದರೆ ಬಿದ್ದ ಸೂಜಿ ಎಲೆ ಎತ್ತಿಕೊಂಡು ಎಣಿಸಿ. ಒಂದು ಗೊಂಚಲಿಗೆ ಐದಿದ್ದರೆ ಬಿಳಿ ಪೈನ್. ಎರಡಿದ್ದು ಬೆರಳಿಗಿಂತ ಉದ್ದ ಇದ್ದರೆ ಕೆಂಪು ಪೈನ್, ಇದೇ ಮಿನೆಸೋಟಾದ ರಾಜ್ಯ ಮರ. ಎರಡೇ ಇದ್ದು ಮೋಟಾಗಿದ್ದರೆ ಜ್ಯಾಕ್ ಪೈನ್. ಕೆಂಪು ಪೈನಿನ ತೊಗಟೆ ತೆಳು ಹಾಳೆಯಾಗಿ ಏಳುತ್ತದೆ, ಉಗುರಲ್ಲಿ ಕೀಳಬೇಡಿ, ಬುಡದಲ್ಲೇ ಬೇಕಾದಷ್ಟು ಬಿದ್ದಿರುತ್ತದೆ.

ಅಮ್ಮ ಬಂದಿದ್ದ ವರ್ಷ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ದಪ್ಪ ಮರವನ್ನು ನಾವಿಬ್ಬರೂ ಎರಡು ಕಡೆಯಿಂದ ತಬ್ಬಿದೆವು, ಬೆರಳು ತಾಗಲಿಲ್ಲ. ಸಂಜೆ ಟೆಂಟಿನ ಹತ್ತಿರ ಬಂದು ಕೆರೆಯ ಕಡೆ ಕೂತೆವು. ಕತ್ತಲಾಗುತ್ತಿತ್ತು. ನೀರಿನ ಮೇಲಿಂದ ಉದ್ದಕ್ಕೆ, ಯಾರೋ ಎದೆಯಿಂದ ಕರೆದ ಹಾಗೆ ಒಂದು ದನಿ ಬಂತು. ಅಮ್ಮ ನನ್ನ ಮುಂಗೈ ಹಿಡಿದುಕೊಂಡಳು.

"ಯಾರೇ ಅದು, ಹಾಗೆ ಅಳ್ತಾ ಇರೋದು?"

"ಹಕ್ಕಿ ಅಮ್ಮ. ಲೂನ್ ಅಂತ. ಅಳ್ತಾ ಇಲ್ಲ, ಎಲ್ಲಿದ್ದೀಯ ಅಂತ ಕೇಳ್ತಾ ಇದೆ."

ಆಚೆ ದಡದಿಂದ ಇನ್ನೊಂದು ಉತ್ತರ ಕೊಟ್ಟಿತು. ಅಮ್ಮ ಸ್ವಲ್ಪ ಹೊತ್ತು ಕೇಳಿ, "ಸಿಕ್ಕಿದ್ಲು ಬಿಡು," ಅಂದಳು.

ಲೂನ್ 1961ರಿಂದ ಮಿನೆಸೋಟಾದ ರಾಜ್ಯ ಪಕ್ಷಿ. ಅದರ ದನಿ ನಾಲ್ಕು ಥರ. ಈ ಉದ್ದನೆಯ ಕೂಗು ದೂರದ ಜೊತೆಗಾರರಿಗೆ. ನಗು ನಡುಗಿದ ಹಾಗೆ ಬಂದರೆ ಅದಕ್ಕೆ ಗಾಬರಿಯಾಗಿದೆ, ನೀವೋ ನಿಮ್ಮ ದೋಣಿಯೋ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಏರಿಳಿಯುವ ಅಬ್ಬರದ ಕೂಗು ಗಂಡಿನದ್ದು ಮಾತ್ರ, ಇದು ನನ್ನ ಕೆರೆ ಅಂತ. ನಾಲ್ಕನೆಯದು ಮೆಲ್ಲಗಿನ "ಹೂಂ", ಮನೆಯೊಳಗಿನ ಮಾತು, ತುಂಬ ಹತ್ತಿರ ಸುಮ್ಮನೆ ಕೂತವರಿಗೆ ಮಾತ್ರ ಕೇಳುತ್ತದೆ. ಮೊದಲ ವರ್ಷದ ಗಾಬರಿಯಲ್ಲಿ ಇವೆಲ್ಲ ನನಗೆ ಒಂದೇ ಥರದ ಭೂತವಾಗಿ ಕೇಳಿದ್ದವು. ಊಟದ ಚೀಲ ಮರದಲ್ಲಿದೆ, ನೀರು ಸೋಸಿಟ್ಟಿದೆ, ಹೆಡ್‌ಲ್ಯಾಂಪ್ ಜೇಬಿನಲ್ಲಿದೆ ಅಂತ ಗೊತ್ತಿರುವಾಗ ಒಂದೊಂದೂ ಬೇರೆ ಬೇರೆಯಾಗಿ ಕೇಳುತ್ತದೆ.

ಹಗಲು ಮೇಲೆ ನೋಡುತ್ತಿರಿ, ಬೋಳು ಹದ್ದುಗಳು ಈ ಕಾಡಿನಲ್ಲಿ ಬಹಳ. ಕೆರೆಯ ಪಕ್ಕದ ದೊಡ್ಡ ಪೈನಿನ ತುದಿಯಲ್ಲಿ ಕಟ್ಟಿಗೆ ಹೊರೆ ಇಟ್ಟ ಹಾಗೆ ಕಂಡರೆ ಅದೇ ಗೂಡು. ಮೀನು ಹಿಡಿಯುವ ಮನಸ್ಸಿದ್ದರೆ ಮೊದಲೇ ಮಿನೆಸೋಟಾದ ಲೈಸೆನ್ಸ್ ತೆಗೆದುಕೊಳ್ಳಿ, ನ್ಯಾಷನಲ್ ಫಾರೆಸ್ಟ್ ಅಂದರೂ ಅದು ಬೇಕು. ಆಗಸ್ಟ್ ಕೊನೆಗೆ ಕೆರೆಯ ಅಂಚಿನಲ್ಲಿ ಎತ್ತರದ ಹುಲ್ಲು ನೀರೊಳಗಿಂದ ಎದ್ದು ತೆನೆ ಬಾಗಿ ನಿಂತಿರುತ್ತದೆ. ಅದು ಮನೂಮಿನ್, ಓಜಿಬ್ವೆ ಜನರ ಕಾಡು ಅಕ್ಕಿ. ನಮ್ಮ ಭತ್ತಕ್ಕೆ ದೂರದ ನಂಟು. ದೋಣಿಯಲ್ಲಿ ಒಬ್ಬರು ಕೋಲು ಊರಿ ನಡೆಸುತ್ತಾರೆ, ಇನ್ನೊಬ್ಬರು ಎರಡು ಹಗುರ ಕೋಲಿನಿಂದ ತೆನೆ ಬಾಗಿಸಿ, ಮೆಲ್ಲಗೆ ತಟ್ಟಿ ಕಾಳು ಉದುರಿಸಿಕೊಳ್ಳುತ್ತಾರೆ. ಅದರ ನಡುವೆ ನಿಮ್ಮ ದೋಣಿ ನುಗ್ಗಿಸಬೇಡಿ, ಕಾಳು ನೀರುಪಾಲಾಗುತ್ತದೆ. ಕೊಯ್ಯಲು ಪರವಾನಗಿ, ಕಾಲ, ನಿಯಮ ಎಲ್ಲ ಇವೆ. ರುಚಿ ನೋಡಬೇಕಾದರೆ ಅವರಿಂದಲೇ ಕೊಳ್ಳಿ. ಬೇಯಲು ಮುಕ್ಕಾಲು ಗಂಟೆ ಹಿಡಿಯಬಹುದು, ತಾಳ್ಮೆ ಇರಲಿ.

ಹೊರಡುವ ಬೆಳಿಗ್ಗೆ ಟೆಂಟ್ ಮಡಚಿದ ಮೇಲೆ ಆ ಜಾಗದಲ್ಲಿ ಸಾಲಾಗಿ ನಡೆದು ನೆಲ ನೋಡಿ. ಟೆಂಟಿನ ಗೂಟ ಒಂದಾದರೂ ಸಿಗುತ್ತದೆ. ಹಣ್ಣಿನ ಸಿಪ್ಪೆ, ಟೀ ಸೊಪ್ಪು ಕೊಳೆತು ಹೋಗುತ್ತದೆ ಅಂತ ಬಿಡಬೇಡಿ, ಮುಂದೆ ಬರುವವರ ಹತ್ತಿರಕ್ಕೆ ಕರಡಿ ಕರೆದ ಹಾಗೆ. ಬೂದಿ ಇನ್ನೊಂದು ಸಲ ಮುಟ್ಟಿ ನೋಡಿ.

ಮನೆ ತಲುಪಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಒದ್ದೆ ಟೆಂಟನ್ನು ಚೀಲದಲ್ಲೇ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಅದು ಬಚ್ಚಲಿನ ಪರದೆಯ ಕಂಬಿಗೆ ಎರಡು ದಿನ ನೇತಾಡುತ್ತದೆ. ಯಜಮಾನರು ಸ್ನಾನಕ್ಕೆ ಹೋದಾಗಲೆಲ್ಲ ಅದನ್ನು ಸರಿಸುತ್ತಾ ಗೊಣಗುತ್ತಾರೆ. ತೊಟ್ಟಿಯಲ್ಲಿ ಉದುರಿದ ಸೂಜಿ ಎಲೆಗಳನ್ನು ನಾನು ಗುಡಿಸುವ ಮುಂಚೆ ಎಣಿಸಿ ನೋಡುತ್ತೇನೆ. ಹೆಚ್ಚಿನವು ಎರಡೆರಡು.